ಚಪ್ಪಲಿ ಪಕ್ಕ ಬಿಟ್ಟ ಕೋಲು

ಆರು ಹೆಜ್ಜೆ ನಡೆದದ್ದಕ್ಕೆ ಯಾರಿಗಾದರೂ ಶಿಕ್ಷೆ ಆದದ್ದನ್ನು ಕೇಳಿದ್ದೀರಾ?

ನಮ್ಮ ಸೋದರಮಾವ ಮಾದಯ್ಯನಿಗೆ ಆಯಿತು. ಬಾಗಿಲಿಂದ ಟೇಬಲ್‌ವರೆಗೆ ಆರೇ ಆರು ಹೆಜ್ಜೆ ನಡೆದ. ಅಂಗವಿಕಲರ ಮಾಸಾಶನ ನಿಂತುಹೋಯಿತು.

(ಕಳೆದ ವಾರ ಈ ಅಂಕಣದಲ್ಲಿ ಹೆಲ್ಮೆಟ್ ಬಗ್ಗೆ ಬರೆದದ್ದಕ್ಕೆ ಫೋನ್ ಮಾಡಿ ಬೈದವರಿಗೆಲ್ಲ ಥ್ಯಾಂಕ್ಸ್. ಈ ವಾರವೂ ಬೈಯುವುದಿದ್ದರೆ ದಯವಿಟ್ಟು ಪೂರ್ತಿ ಓದಿ ಬೈಯಿರಿ.)

ಮಾವನ ಊರು ಬನ್ನೂರಿನ ಹತ್ತಿರ. ಕೆಲಸ ಟೈಲರಿಂಗ್. ಮೂರು ವರ್ಷದ ಮಗು ಆಗಿದ್ದಾಗ ಜ್ವರ ಬಂತು. ಜ್ವರ ಹೋಗುವಾಗ ಎಡಗಾಲನ್ನೂ ಕರೆದುಕೊಂಡು ಹೋಯಿತು. ಕಾಲು ಇದೆ, ಕೆಲಸ ಮಾಡಲ್ಲ. ತೊಡೆಯಿಂದ ಕೆಳಗೆ ನನ್ನ ಮುಂಗೈಯಷ್ಟು ದಪ್ಪ, ಅಷ್ಟೇ. ಹೊಲಿಗೆ ಮಷಿನ್ನನ್ನು ಬಲಗಾಲು ಒಂದರಲ್ಲೇ ತುಳಿಯುತ್ತಾನೆ. ಊರಿನ ಅರ್ಧಕ್ಕರ್ಧ ಹೆಂಗಸರ ರವಿಕೆ ಅವನ ಕೈಯಿಂದಲೇ ಹೋಗಿರೋದು.

ನಡೆಯೋಕೆ ಬಿದಿರಿನ ಕೋಲು. ಅದರ ಮೇಲ್ತುದಿಗೆ ಹಳೇ ಬೈಕಿನ ಹ್ಯಾಂಡಲ್ ಗ್ರಿಪ್, ಕೆಳತುದಿಗೆ ರಬ್ಬರ್ ಬುಷ್. ಎರಡೂ ನನ್ನ ಅಂಗಡಿ ಸಪ್ಲೈ. ನಂಜನಗೂಡಲ್ಲಿ ನನ್ನದು ಟೂ ವ್ಹೀಲರ್ ರಿಪೇರಿ ಅಂಗಡಿ ಅಂತ ನಿಮಗೆ ಗೊತ್ತೇ ಇದೆ. ಬುಷ್ ಸವೆದಾಗೆಲ್ಲ ಮಾವ ಬಸ್ ಹತ್ತಿ ಬರುತ್ತಾನೆ. ಹಳೇದು ಕಿತ್ತು ಹೊಸದು ಹೊಡೆಯುತ್ತೇನೆ. ಟೀ ಕುಡಿದು ಹೋಗುತ್ತಾನೆ.

ಒಂದು ದಿನ ಅತ್ತೆ ಫೋನ್ ಮಾಡಿದಳು. ಅಂಚೆಯಲ್ಲಿ ಒಂದು ಲೆಟರ್ ಬಂದಿದೆಯಂತೆ. ಮಾವ ಅದನ್ನು ನಾಲ್ಕು ಸಲ ಓದಿ, ಮಷಿನ್ ಡ್ರಾಯರ್‌ನಲ್ಲಿ ಇಟ್ಟು, ಬೆಳಗ್ಗೆಯಿಂದ ಒಂದು ಹೊಲಿಗೆಯನ್ನೂ ಹಾಕಿಲ್ಲವಂತೆ.

ಅಂಗಡಿ ಶಟರ್ ಎಳೆದು, ಗಾಡಿ ಹತ್ತಿ ನರಸೀಪುರದ ಮೇಲೆ ಹೋದೆ.

ಲೆಟರ್ ಓದಿದೆ. ನಾನು ಒಂಬತ್ತನೇ ಕ್ಲಾಸ್ ಫೇಲ್. ನನಗೆ ಅರ್ಥ ಆಗುವ ಕನ್ನಡ ಬೇರೆ, ಸರ್ಕಾರದ ಕನ್ನಡ ಬೇರೆ. ‘ಪರಿಶೀಲನೆಯ ವೇಳೆ ಸದರಿಯವರು ಯಾವುದೇ ಆಧಾರವಿಲ್ಲದೆ ನಡೆದಾಡುವುದು ಕಂಡುಬಂದ ಮೇರೆಗೆ’ ಅಂತ ಶುರುವಾಗಿ, ಎಲ್ಲೂ ಉಸಿರು ಬಿಡದೆ, ಕೊನೆಗೆ ಮಾಸಾಶನ ನಿಲ್ಲಿಸಲಾಗಿದೆ ಅಂತ ಮುಗಿದಿತ್ತು. ಸದರಿಯವರು ಅಂದರೆ ನಮ್ಮ ಮಾವ. ಆಕ್ಷೇಪಣೆ ಇದ್ದರೆ ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು ಅಂತ ಕೆಳಗೆ ಚಿಕ್ಕ ಅಕ್ಷರದಲ್ಲಿ ಇತ್ತು. (ಕೆಲಸಕ್ಕೆ ಬರುವ ಮಾತು ಯಾವಾಗಲೂ ಚಿಕ್ಕ ಅಕ್ಷರದಲ್ಲೇ ಇರುತ್ತೆ. ಯಾಕೆ?)

ಮಾಸಾಶನ ದೊಡ್ಡ ಗಂಟೇನಲ್ಲ. ಬಿಪಿ ಮಾತ್ರೆ, ಎಲೆಅಡಿಕೆ, ಮಷಿನ್ ಎಣ್ಣೆ. ಅಷ್ಟಕ್ಕೆ ಮಾವ ಯಾರನ್ನೂ ಕೇಳುವ ಹಾಗಿರಲಿಲ್ಲ. ಅದಕ್ಕಿಂತ ದೊಡ್ಡದು ಬಸ್ ಪಾಸ್. ಆ ಲೆಟರ್ ಬಂದ ಮೇಲೆ ಪಾಸ್ ರಿನ್ಯೂವಲ್‌ಗೂ ಕೊಕ್ಕೆ ಬಿತ್ತು. ವಾರಕ್ಕೊಂದು ಸಲ ಮೈಸೂರಿಗೆ ಹೋಗಿ ಲೈನಿಂಗ್ ಬಟ್ಟೆ, ಹುಕ್ಕು, ದಾರ ತರಬೇಕು. ಒಂದೊಂದು ರವಿಕೆಗೂ ಬೇರೆ ಬೇರೆ ಬಣ್ಣದ ದಾರ. ಟಿಕೆಟ್ ಕೊಟ್ಟು ಹೋದರೆ ಉಳಿಯುವುದೆಲ್ಲ ಬಸ್ಸಿಗೇ. ಅತ್ತೆಗೆ ಬಸ್ ಫ್ರೀ, ಅವಳೇ ಹೋಗಿ ತರಲಿ ಅಂತೀರಾ? ಹೋಗಿದ್ದಳು. ಗಿಳಿಹಸಿರು ತಾ ಅಂದರೆ ಪಾಚಿಹಸಿರು ತಂದಳು. ಬಣ್ಣದ ವಿಷಯದಲ್ಲಿ ಮಾವ ಯಾರನ್ನೂ ನಂಬಲ್ಲ.

ಅಂದರೆ ಲೆಕ್ಕ ಇಷ್ಟು. ಪಾಸ್ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಮಾವ ಟೈಲರ್ ಮಾದಯ್ಯ ಅಲ್ಲ, ಮನೆಯಲ್ಲಿ ಕೂತ ಕುಂಟ ಮಾದಯ್ಯ.

ನನಗೆ ಸಿಟ್ಟು ಬಂತು. ಮಾರನೇ ದಿನವೇ ಲೆಟರ್ ಹಿಡಿದು ಆಫೀಸಿಗೆ ಹೋದೆ. (ಯಾವ ಆಫೀಸು, ಯಾವ ಊರು ಅಂತ ಹೇಳಲ್ಲ. ನಿಮ್ಮ ಊರಿನದೇ ಅಂದುಕೊಳ್ಳಿ, ವ್ಯತ್ಯಾಸ ಏನೂ ಆಗಲ್ಲ.) ಹೋದವನೇ ಕೂಗಾಡಿದೆ. ಚಿಕ್ಕಂದಿನಿಂದ ಕುಂಟನಾದವನಿಗೆ ಕಾಲು ಬಂದಿದೆ ಅಂತೀರಲ್ಲ, ನೀವೇನು ಪವಾಡ ಮಾಡೋರಾ ಅಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆದರೆ ನಮ್ಮ ಸಂಪಾದಕರು ಹೊಡೆದುಹಾಕುತ್ತಾರೆ.

ಅಲ್ಲಿದ್ದ ಕ್ಲರ್ಕ್ ವಯಸ್ಸಾದವರು. ನಾನು ಸುಸ್ತಾಗುವವರೆಗೂ ಕಾದರು. ಆಮೇಲೆ, ನಿಮ್ಮ ಬೈಗುಳಕ್ಕೆ ಸ್ವೀಕೃತಿ ಕೊಡೋಕೆ ನಮ್ಮಲ್ಲಿ ರಿಜಿಸ್ಟರ್ ಇಲ್ಲ, ಅರ್ಜಿ ಕೊಡಿ ಅಂದರು. ಅರ್ಜಿಯಲ್ಲಿ ಒಂದೇ ಒಂದು ವಿಷಯ ಇರಲಿ ಅಂತಲೂ ಹೇಳಿದರು. ಬಡವರು, ಗತಿ ಇಲ್ಲ, ಕಣ್ಣೀರು, ಅದೆಲ್ಲ ಬೇಡ. ನಾವು ಬರೆದದ್ದು ಯಾಕೆ ತಪ್ಪು, ಅದನ್ನು ಬರೆಯಿರಿ.

ಒಳ್ಳೇ ಮಾತು. ಬೈಸಿಕೊಂಡವರ ಬಾಯಲ್ಲಿ ಬಂದ ಒಳ್ಳೇ ಮಾತು. ಆಗ ನನಗೆ ತಲೆಗೆ ಹೋಗಲಿಲ್ಲ.

ಸೀದಾ ಹೊರಗೆ ಮರದ ಕೆಳಗೆ ಕೂತಿದ್ದ ಅರ್ಜಿ ಬರೆಯೋರ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಮೂರು ಪುಟ ಬರೆದರು. ತಮ್ಮ ಪಾದಾರವಿಂದಗಳಲ್ಲಿ ಶುರು. ಮಾವ ಎರಡನೇ ಪುಟದಲ್ಲಿ ಅನಾಥನಾದ. ಮೂರನೇ ಪುಟದಲ್ಲಿ ಅತ್ತೆ ಹಾಸಿಗೆ ಹಿಡಿದಳು. ಅತ್ತೆ ಆ ಹೊತ್ತಿಗೆ ಮನೇಲಿ ರಾಗಿ ಕೇರುತ್ತಾ ಕೂತಿದ್ದಳು, ಗುಂಡುಕಲ್ಲಿನ ಹಾಗೆ ಇದ್ದಾಳೆ. ಸ್ವಾಮಿ, ಕಾಲಿನ ವಿಷಯ ಎಲ್ಲಿ ಅಂದೆ. ಬರುತ್ತೆ ಬರುತ್ತೆ, ಮೊದಲು ಮನಸ್ಸು ಕರಗಬೇಕು ಅಂದರು.

ಮೂರು ಪುಟ ಮಡಚಿ ಜೇಬಿಗೆ ಹಾಕಿಕೊಂಡು ಮಾವನ ಊರಿಗೆ ವಾಪಸ್ ಬಂದೆ. (ಆಮೇಲೆ ಅದು ಕಾರ್ಬ್ಯುರೇಟರ್ ಒರೆಸೋಕೆ ಉಪಯೋಗ ಆಯಿತು.)

ಮಾವ ಮಷಿನ್ ಮುಂದೆ ಸುಮ್ಮನೆ ಕೂತಿದ್ದ. ಗೋಡೆ ಮೇಲೆ ಬುದ್ಧನ ಫೋಟೋ, ಕೆಳಗೆ ಗಿರಾಕಿಗಳು ಬಿಟ್ಟು ಹೋದ ಬಟ್ಟೆ ರಾಶಿ. ನಾನು ಸ್ಟೂಲ್ ಎಳೆದು ಕೂತೆ. ಕ್ಲರ್ಕ್ ಹೇಳಿದ ಪ್ರಶ್ನೆಯನ್ನೇ ಕೇಳಿದೆ. ಅವರು ಬರೆದದ್ದು ಯಾಕೆ ತಪ್ಪು? ಆ ದಿನ ಏನಾಯ್ತು ಅಂತ ಮೊದಲಿಂದ ಹೇಳು.

ಹೇಳಿದ. ಊರಿನ ಸಮುದಾಯ ಭವನದಲ್ಲಿ ಕ್ಯಾಂಪ್ ಇತ್ತು. ಮಾಸಾಶನ ತಗೊಳ್ಳೋರೆಲ್ಲ ಬಂದು ಮುಖ ತೋರಿಸಬೇಕು. ಮಾವ ಮೈಗೆ ನೀರು ಹಾಕಿಕೊಂಡು, ಇಸ್ತ್ರಿ ಮಾಡಿದ ಷರ್ಟು, ಬಿಳೀ ಪಂಚೆ ಉಟ್ಟು ಹೋದ. ಬಾಗಿಲ ಮೇಲೆ ಚಾಕ್‌ಪೀಸಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಅಂತ ಬರೆದಿದ್ದರು. ಬಿಟ್ಟ. ಹೆಸರು ಕೂಗಿದರು. ಒಳಗೆ ಹೋದ. ಟೇಬಲ್ ಹಿಂದೆ ಕೂತಿದ್ದವರು ತಲೆ ಎತ್ತದೆ ಕಾರ್ಡ್ ಈಸಿಕೊಂಡರು, ಬರೆದರು, ಹೋಗಿ ಅಂದರು. ವಾಪಸ್ ಬಂದ.

“ಕೋಲು?” ಅಂದೆ.

“ಆಚ ಇತ್ತು.”

“ಆಚೆ ಅಂದ್ರ ಎಲ್ಲಿ?”

“ಚಪ್ಲಿ ತಾವು.”

“ಯಾಕ್ ಮಾವ?”

ಮಾವ ನನ್ನ ಮುಖ ನೋಡಿದ. ಇಷ್ಟು ದೊಡ್ಡವನಾಗಿ ಇದೂ ಗೊತ್ತಿಲ್ಲವಾ ಅನ್ನುವ ಹಾಗೆ.

“ಆಪೀಸ್ನೋರು ಕುಂತಿದ್ರಲ್ಲ ಮಗ. ಅವ್ರ ಮುಂದಕ್ಕ ಕೈಲಿ ದೊಣ್ಣ ಇಟ್ಕಂಡು ಎಂಗ್ ಓಗದು?”



ಆಮೇಲೆ ಒಂದೊಂದೇ ನೆನಪಾಯಿತು. ನಾನು ಸ್ಕೂಲಲ್ಲಿ ಒಬ್ಬನ ತಲೆ ಒಡೆದಾಗ ಹೆಡ್‌ಮಾಸ್ಟರ್ ರೂಮಿಗೆ ಮಾವನೇ ಬಂದಿದ್ದ. ರೂಮಿನ ಹೊರಗೆ ಚಪ್ಪಲಿ ಪಕ್ಕ ಕೋಲು ಒರಗಿತ್ತು. ಬ್ಯಾಂಕಿಗೆ ಹೋದರೆ ಬ್ಯಾಂಕಿನ ಹೊರಗೆ. ಆಸ್ಪತ್ರೆಗೆ ಹೋದರೆ ಡಾಕ್ಟರ್ ಬಾಗಿಲ ಹೊರಗೆ. ನನ್ನ ಮದುವೆಯಲ್ಲಿ ಛತ್ರದ ಹೊರಗೆ ಅಷ್ಟು ಚಪ್ಪಲಿ ಮಧ್ಯೆ ಒಂದೇ ಒಂದು ಕೋಲು. ನಮ್ಮ ಮನೆಗೆ ಬಂದರೆ ನಮ್ಮ ಮನೆ ಹೊಸಲಿನ ಹೊರಗೂ. ಇದನ್ನೆಲ್ಲ ಇಷ್ಟು ವರ್ಷ ನೋಡಿದ್ದೆ. ಅದರ ಬುಷ್ ಬದಲಾಯಿಸೋನೂ ನಾನೇ. ಕೋಲು ಇಲ್ಲದೆ ಒಳಗೆ ಹೇಗೆ ಬರುತ್ತಾನೆ ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ.

ಹೇಗೆ ಬರುತ್ತಾನೆ? ತೋರಿಸು ಅಂದೆ. ತೋರಿಸಿದ. ಎಡಗೈಯನ್ನು ಎಡ ಮಂಡಿ ಮೇಲೆ ಇಟ್ಟು ಒತ್ತುತ್ತಾನೆ. ಒತ್ತಿದರೆ ಮಂಡಿ ಮಡಚಲ್ಲ, ಕಂಬದ ಹಾಗೆ ನಿಲ್ಲುತ್ತೆ. ಬಲಗಾಲು ಮುಂದೆ. ಮತ್ತೆ ಒತ್ತು. ಮೇಲೆ ಪಂಚೆ ಇರುವುದರಿಂದ ಒತ್ತುವುದು ಕಾಣಲ್ಲ. ನೋಡುವವರಿಗೆ ಪಂಚೆ ನೆರಿಗೆ ಹಿಡಿದು, ಸ್ವಲ್ಪ ಬಗ್ಗಿ, ವಿನಯವಾಗಿ ಬರುತ್ತಿರುವ ಯಜಮಾನನ ಹಾಗೆ ಕಾಣುತ್ತಾನೆ. ಹತ್ತು ಹೆಜ್ಜೆ ಆಗುತ್ತಂತೆ. ಹನ್ನೊಂದನೇದಕ್ಕೆ ಸೊಂಟ ಹಿಡಿಯುತ್ತೆ.

ಇದನ್ನು ಕಲಿಸಿದವನು ಅವನ ಅಪ್ಪ, ಅಂದರೆ ನಮ್ಮ ತಾತ. ಮಾವನಿಗೆ ಎಂಟು ವರ್ಷ ಇರಬೇಕು. ಹೊಸದಾಗಿ ಕೋಲು ಕಡಿದುಕೊಟ್ಟಿದ್ದ ತಾತ. ಇಬ್ಬರೂ ದೊಡ್ಡಮನೆಗೆ ಕೂಲಿ ಕೇಳೋಕೆ ಹೋದರು. ಜಗಲಿ ಮೇಲೆ ಕೂತಿದ್ದವರು ಕೋಲು ನೋಡಿ, ಏನ್ಲಾ, ನಿನ್ನ ಮಗ ನನಗೆ ಹೊಡ್ಯಕ್ಕೆ ಬಂದಿದ್ದಾನಾ ಅಂದರಂತೆ. ತಮಾಷೆಗೇ ಅಂದಿರಬಹುದು. ತಾತನಿಗೆ ತಮಾಷೆ ಅನಿಸಲಿಲ್ಲ. ಕೋಲು ಕಿತ್ತುಕೊಂಡು ಹೋಗಿ ಗೇಟಿನ ಹತ್ತಿರ ಚಪ್ಪಲಿ ಪಕ್ಕ ಇಟ್ಟು ಬಂದ. ಮನೆಗೆ ಬಂದ ಮೇಲೆ ಮಂಡಿ ಒತ್ತಿ ನಿಲ್ಲುವುದನ್ನು ಹೇಳಿಕೊಟ್ಟ. ಅಂಗಳದಲ್ಲಿ ದಿನಾ ಪ್ರಾಕ್ಟೀಸ್ ಮಾಡಿಸಿದ.

ಈಗ ಆ ಜಗಲಿ ಇಲ್ಲ. ಆ ಮನೆಯವರು ಮಾವನ ಹತ್ತಿರವೇ ರವಿಕೆ ಹೊಲಿಸುತ್ತಾರೆ. ಆದರೂ ಕೋಲು ಮಾತ್ರ ಹೊರಗೇ ಉಳಿದಿದೆ.

ಹೊಲಿಗೆ ಅಳತೆ ಬರೆಯುವ ಪುಸ್ತಕದಿಂದ ಒಂದು ಹಾಳೆ ಹರಿದೆ. ಬರೆದೆ:

‘ನನ್ನ ಎಡಗಾಲು ಕೆಲಸ ಮಾಡಲ್ಲ. ಕೋಲು ಇಲ್ಲದೆ ಹತ್ತು ಹೆಜ್ಜೆ ಮೇಲೆ ನಡೆಯೋಕಾಗಲ್ಲ. ನೀವು ನೋಡಿದ ದಿನ ಕೋಲು ಬಾಗಿಲ ಹೊರಗೆ ಚಪ್ಪಲಿ ಹತ್ತಿರ ಇತ್ತು. ನಿಮ್ಮ ಮುಂದೆ ಹಿಡಿದು ಬರಬಾರದು ಅಂತ ನಾನೇ ಬಿಟ್ಟಿದ್ದೆ. ಇನ್ನೊಂದು ಸಲ ನೋಡಿ.’

ಐದೇ ಐದು ವಾಕ್ಯ. ಪಾದಾರವಿಂದ ಇಲ್ಲ, ಕಣ್ಣೀರು ಇಲ್ಲ. ಮಾವ ಸಹಿ ಹಾಕಿದ. ಕ್ಲರ್ಕ್ ಓದಿ, ನನ್ನ ಮುಖ ನೋಡಿ, ಸೀಲ್ ಹೊಡೆದು ಸ್ವೀಕೃತಿ ಕೊಟ್ಟರು. ವಿಚಾರಣೆಗೆ ಒಂದು ದಿನ ಗೊತ್ತು ಮಾಡಿದರು.

ಇನ್ನು ರಿಹರ್ಸಲ್.

ಹಿಂದಿನ ಭಾನುವಾರ ಮಾವನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ನಾನೇ ಸಾಹೇಬನಾಗಿ ಕೂತೆ. ಮುಂದೆ ಹೊಲಿಗೆ ಟೇಬಲ್ಲು. ಮಾವನಿಗೆ ಹೇಳಿದ್ದು ಒಂದೇ ಕೆಲಸ. ಕೋಲು ಹಿಡಿದುಕೊಂಡು ಬಾಗಿಲು ದಾಟಿ ಬಾ. ಬಂದ. ಹೊಸಲಿನ ಹತ್ತಿರ ನಿಂತ. ಕೈ ತಾನೇ ತಾನಾಗಿ ಕೋಲನ್ನು ಗೋಡೆಗೆ ಒರಗಿಸಿತು. ಇನ್ನೊಂದು ಸಲ ಅಂದೆ. ಮತ್ತೆ ಒರಗಿಸಿತು. ಮೂರನೇ ಸಲ ಕೋಲು ಹಿಡಿದೇ ಬಂದ, ಆದರೆ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬಂದ. ಕದ್ದ ಮಾಲು ತರುವವನ ಹಾಗೆ.

ಅತ್ತೆ ಮೊರ ಪಕ್ಕಕ್ಕಿಟ್ಟು ಹೊಟ್ಟೆ ಹಿಡಿದು ನಕ್ಕಳು.

“ನನ್ನ ನೋಡಕ ಬಂದಾಗ್ಲೂ ಇಂಗೇ ಕೋಲ ಆಚ ಬುಟ್ಟು ಬಂದಿದ್ದ ಕಣಪ್ಪ ನಿಮ್ಮ ಮಾವ. ಗಂಡು ನೆಟ್ಟಗವ್ನ ಅಂತ ನಮ್ಮಪ್ಪ ಒಪ್ಕಬುಟ್ಟ. ಮೇಲ್ಮನವಿಯ ನಾನು ಆಗ್ಲೇ ಆಕ್ಬೇಕಿತ್ತು.”

“ಮೂವತ್ತು ದಿನ್ದೊಳಗ ಆಕ್ಬೇಕು, ಟೈಮ್ ಮುಗೀತು ಸುಮ್ಕಿರಮ್ಮಿ” ಅಂದ ಮಾವ.

ನನಗೆ ತಾಳ್ಮೆ ಕಮ್ಮಿ. ನಾನೊಂದು ಶಾರ್ಟ್‌ಕಟ್ ಹೇಳಿದೆ. ಮಾವ, ಕೋಲೂ ಬೇಡ ಏನೂ ಬೇಡ. ಬಾಗಿಲಿಂದ ತೆವಳಿಕೊಂಡು ಬಂದುಬಿಡು. ನೋಡಿದ ತಕ್ಷಣ ಬರೆದುಕೊಡುತ್ತಾರೆ.

ಮಾವನ ಮುಖ ಗಂಟಾಯಿತು. ನಗು ನಿಂತಿತು.

“ಇರದ್ನ ಬೇಕಾರ ತೋರುಸ್ತೀನಿ ಕಣ್ಲಾ. ಇಲ್ದಿರದ್ನ ನಾನ್ ತೋರ್ಸನಿಲ್ಲ” ಅಂದ.

ಎಂಟನೇ ವಯಸ್ಸಿನಿಂದ ಒಬ್ಬ ಮನುಷ್ಯ ಕುಂಟುವುದು ಕಾಣದ ಹಾಗೆ ನಡೆಯೋಕೆ ಕಲಿತಿದ್ದಾನೆ. ಅದೊಂದೇ ಅವನ ವಿದ್ಯೆ, ಹೊಲಿಗೆ ಆಮೇಲಿನದು. ಈಗ ನಾವೆಲ್ಲ ಸೇರಿ, ಚೆನ್ನಾಗಿ ಕುಂಟು, ಮಾರ್ಕ್ಸ್ ಕೊಡ್ತಾರೆ ಅಂತಿದ್ದೇವೆ.

ಆದರೂ ನಾನು ಮೆಕ್ಯಾನಿಕ್. ನನಗೂ ಒಂದು ವಿದ್ಯೆ ಇದೆ. ಟೈರ್ ತೋರಿಸಿ, ಗಾಡಿ ಯಾರು ಓಡಿಸಿದ್ದು, ಎಷ್ಟು ಭಾರ ಹೇರಿದ್ದು, ಯಾವ ಕಡೆ ವಾಲುತ್ತೆ ಅಂತ ಹೇಳುತ್ತೇನೆ. ಅಂಗಡಿಯಲ್ಲಿ ಹಳೇ ಪಾರ್ಟ್ ಯಾವುದನ್ನೂ ನಾನು ಎಸೆಯಲ್ಲ. (ಹೆಂಡತಿ ಇದಕ್ಕೆ ದಿನಾ ಬೈಯುತ್ತಾಳೆ.) ಮಾವನ ಕೋಲಿಂದ ಕಿತ್ತ ಬುಷ್‌ಗಳೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿದ್ದವು. ಸುರಿದು ನೋಡಿದೆ. ಹನ್ನೊಂದು ಬುಷ್. ಹನ್ನೊಂದೂ ಒಂದೇ ಕಡೆ ಸವೆದಿವೆ. ಓರೆಯಾಗಿ, ಚಾಕುವಿನಲ್ಲಿ ಕೊಯ್ದ ಹಾಗೆ. ಸುಮ್ಮನೆ ಶೋಕಿಗೆ ಕೋಲು ಹಿಡಿಯೋನ ಬುಷ್ ಹೀಗೆ ಸವೆಯಲ್ಲ. ಇಡೀ ಮೈ ಭಾರ ಕೋಲಿನ ಮೇಲೆ ಹಾಕಿದರೆ ಮಾತ್ರ ಸವೆಯುತ್ತೆ.

ಸಾಕ್ಷಿ ಸಿಕ್ಕಿತು ಅಂತ ಡಬ್ಬ ಬ್ಯಾಗಿಗೆ ಹಾಕಿದೆ.

ವಿಚಾರಣೆ ದಿನ ಬಂತು. ಮೂವರೂ ಬಸ್ಸಲ್ಲಿ ಹೋದೆವು. ಅತ್ತೆಗೆ ಫ್ರೀ ಟಿಕೆಟ್. ಕಂಡಕ್ಟರ್ ಮಾವನ ಕೋಲು ನೋಡಿ ಪಾಸ್ ತೆಗೀರಿ ಅಂದ. ಪಾಸ್ ಇಲ್ಲ ಅಂತ ಮಾವ ಫುಲ್ ಟಿಕೆಟ್ ತಗೊಂಡ. ಏನಾಯ್ತು ಯಜಮಾನ್ರೇ ಅಂತ ಕಂಡಕ್ಟರ್ ಕೇಳಿದ್ದಕ್ಕೆ, ಕಾಲ್ ಸರಿಯಾಗದಂತ ಕಣಪ್ಪ, ಗೌರ್ಮೆಂಟ್ನೋರು ಏಳವ್ರ ಅಂದ. ಹಿಂದಿನ ಸೀಟಲ್ಲಿದ್ದವರೂ ನಕ್ಕರು.

ಆಫೀಸಿನ ಕಾರಿಡಾರಲ್ಲಿ ಬೆಂಚ್ ಮೇಲೆ ಕೂತೆವು. ನಮ್ಮ ಮುಂದೆ ಆರೇಳು ಜನ. ಎಲ್ಲ ಕಾಗದದ್ದೂ ಎರಡು ಜೆರಾಕ್ಸ್ ಬೇಕು ಅಂದರು. ನಾನು ಮಾವನ ಕೈಗೆ ಕೋಲು ಒತ್ತಿ, ಇದ ಬುಡ್ಬೇಡ ಅಂತ ಮೂರು ಸಲ ಹೇಳಿ ಜೆರಾಕ್ಸ್ ಅಂಗಡಿಗೆ ಹೋದೆ. ಕರೆಂಟ್ ಇರಲಿಲ್ಲ. ಎರಡನೇ ಅಂಗಡಿಗೆ ಹೋದೆ. ಕ್ಯೂ.

ವಾಪಸ್ ಬರೋವಾಗ ಬೆಂಚ್ ಮೇಲೆ ಅತ್ತೆ ಒಬ್ಬಳೇ ಕೂತಿದ್ದಳು. ಹೆಸರು ಕೂಗಿದರಂತೆ. ಮಾವ ಒಳಗೆ ಹೋದನಂತೆ.

ಬಾಗಿಲು ನೋಡಿದೆ. ಈ ಬಾಗಿಲ ಮೇಲೂ ಅದೇ ಬೋರ್ಡ್, ‘ಚಪ್ಪಲಿ ಹೊರಗೆ ಬಿಡಿ’. ಇಲ್ಲಿ ಚೆನ್ನಾಗಿ ಪೇಂಟಲ್ಲೇ ಬರೆಸಿದ್ದರು. ಅದರ ಕೆಳಗೆ ನಾಲ್ಕೈದು ಜೊತೆ ಚಪ್ಪಲಿ. ಚಪ್ಪಲಿ ಪಕ್ಕ ಗೋಡೆಗೆ ಒರಗಿಕೊಂಡು, ನನ್ನ ಹ್ಯಾಂಡಲ್ ಗ್ರಿಪ್ ಹಾಕಿಕೊಂಡು, ನಮ್ಮ ಮಾವನ ಕೋಲು.



ಅಟೆಂಡರ್ ತಡೆದ. ಕರೆದವರು ಮಾತ್ರ ಒಳಗೆ ಅಂದ. ನಾನು ಜೆರಾಕ್ಸ್ ತೋರಿಸಿದೆ, ಡಬ್ಬ ತೋರಿಸಿದೆ. ಡಬ್ಬದಲ್ಲಿ ಏನು ಅಂದ. ಸಾಕ್ಷಿ ಅಂದೆ. ಅವನು ಯೋಚನೆ ಮಾಡುವಷ್ಟರಲ್ಲಿ ಕೋಲು ಎತ್ತಿಕೊಂಡು ಒಳಗೆ ನುಗ್ಗಿದೆ.

ಮಾವ ಟೇಬಲ್ ಮುಂದೆ ನಿಂತಿದ್ದ. ನೆಟ್ಟಗೆ. ಎಡಗೈ ಪಂಚೆ ಮೇಲೆ, ಮಂಡಿ ಹತ್ತಿರ. ನೋಡಿದವರು ಯಾರೂ ಇವನಿಗೆ ಕಾಲಿಲ್ಲ ಅನ್ನಲ್ಲ. ಟೇಬಲ್ ಹಿಂದೆ ಒಬ್ಬರು ಮೇಡಮ್, ವಯಸ್ಸಲ್ಲಿ ನನಗಿಂತ ಸ್ವಲ್ಪ ದೊಡ್ಡವರಿರಬೇಕು, ಫೈಲ್ ಓದುತ್ತಿದ್ದರು. ನಾನು ಹೋದವನೇ ಡಬ್ಬ ತೆಗೆದು ಹನ್ನೊಂದು ಬುಷ್ಷನ್ನೂ ಅವರ ಟೇಬಲ್ ಮೇಲೆ ಸಾಲಾಗಿ ಜೋಡಿಸಿದೆ.

“ಏನ್ರೀ ಇದು?” ಅಂದರು.

ಹೇಳಿದೆ. ಟೈರ್ ಕಥೆ, ಭಾರದ ಕಥೆ, ಓರೆ ಸವೆತದ ಕಥೆ. ಅವರು ಒಂದು ಬುಷ್ ಎತ್ತಿ ತಿರುಗಿಸಿ ನೋಡಿದರು. ಇನ್ನೊಂದು ಎತ್ತಿದರು. ಕೇಳಿಸಿಕೊಂಡರು ಅಂತ ನನಗೆ ಧೈರ್ಯ ಬಂತು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. ಇದು ಕೋಲು ಸವೆದಿರೋದಕ್ಕೆ ಸಾಕ್ಷಿ, ಸರಿ. ಆ ಕೋಲು ಹಿಡಿದಿದ್ದು ಇವರೇ ಅನ್ನೋದಕ್ಕೆ ಏನು ಸಾಕ್ಷಿ? ಈಗಲೂ ನನ್ನ ಕಣ್ಣ ಮುಂದೆ ಕೋಲಿಲ್ಲದೆ ನಡೆದು ಬಂದರಲ್ಲ?

ನಿಜ. ಕೋಲು ನನ್ನ ಕೈಯಲ್ಲಿದೆ. ಮಾವ ನೆಟ್ಟಗೆ ನಿಂತಿದ್ದಾನೆ. ನಮ್ಮ ಕೇಸನ್ನು ನಮ್ಮ ಮಾವನೇ ಸೋಲಿಸುತ್ತಿದ್ದಾನೆ.

ಮೇಡಮ್ ಫೈಲ್ ತಿರುವಿ ಹಾಕಿದರು. ನಮ್ಮ ಐದು ವಾಕ್ಯದ ಹಾಳೆ ಮೇಲೆ ಬಂತು. ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ತಲೆ ಎತ್ತಿ ಮಾವನ ಮುಖ ನೋಡಿದರು.

“ಕೂತ್ಕೊಳ್ಳಿ ಯಜಮಾನ್ರೇ” ಅಂದರು. “ಯಾಕೆ ನಿಂತೇ ಇದ್ದೀರಾ?”

ಅಷ್ಟೇ ಅಂದದ್ದು.

ಮಾವನಿಗೆ ಆಫೀಸಲ್ಲಿ ಯಾರೂ ಕೂತ್ಕೊಳ್ಳಿ ಅಂದಿರಲಿಲ್ಲ ಅಂತ ಕಾಣುತ್ತೆ. ಹಾಗಂದವರಿಗೆ ಏನು ಮಾಡಬೇಕು? ಕೈ ಮುಗಿಯಬೇಕು. ಒಂದು ಕೈಯಲ್ಲಿ ಮುಗಿದರೆ ಮರ್ಯಾದೆ ಅಲ್ಲ. ಎರಡೂ ಕೈ ಎತ್ತಿದ.

ಎಡಗೈ ಮಂಡಿ ಬಿಟ್ಟಿತು. ಮಂಡಿ ಮಡಚಿತು.

ಸೈಡ್ ಸ್ಟ್ಯಾಂಡ್ ಜಾರಿದ ಗಾಡಿ ಹೇಗೆ ಬೀಳುತ್ತೋ ಹಾಗೆ ಮಾವ ಟೇಬಲ್ ಮೇಲೆ ಬಿದ್ದ. ಫೈಲ್ ಒಂದು ಕಡೆ, ಪೆನ್ ಸ್ಟ್ಯಾಂಡ್ ಒಂದು ಕಡೆ. ಹನ್ನೊಂದು ಬುಷ್ಷೂ ರೂಮ್ ತುಂಬಾ ಉರುಳಿದವು. ನಾನು ಹಿಡಿಯುವಷ್ಟರಲ್ಲಿ ಮೇಡಮ್ ಆ ಕಡೆಯಿಂದ ಎದ್ದು ಬಂದು ಭುಜ ಹಿಡಿದಿದ್ದರು. ಪಂಚೆ ಸರಿದಿತ್ತು. ಕಾಲು ಕಾಣುತ್ತಿತ್ತು. ಐವತ್ತು ವರ್ಷ ಯಾವ ಆಫೀಸಿಗೂ ತೋರಿಸದ ಕಾಲು.

“ತಪ್ಪಾಯ್ತು ಅವ್ವಾರೆ” ಅಂತ ಮಾವ, ಬಿದ್ದ ಜಾಗದಿಂದಲೇ, ಅವರ ಫೈಲ್ ಜೋಡಿಸೋಕೆ ಶುರು ಮಾಡಿದ.

ಕುರ್ಚಿ ಮೇಲೆ ಕೂರಿಸಿದೆವು. ಅಟೆಂಡರ್ ನೀರು ತಂದ. ಆಮೇಲೆ ಅವನೂ ನಾನೂ ಬಗ್ಗಿ ಬಗ್ಗಿ ಬುಷ್ ಹುಡುಕಿದೆವು. ಹತ್ತು ಸಿಕ್ಕಿತು. (ಹನ್ನೊಂದನೇದು ಇವತ್ತಿಗೂ ಆ ಬೀರು ಕೆಳಗೆ ಇರಬೇಕು. ಇರಲಿ.) ಮೇಡಮ್ ತುಂಬಾ ಹೊತ್ತು ಬರೆದರು. ಏನು ಬರೆದರು ಅಂತ ಆಮೇಲೆ ಗೊತ್ತಾಯಿತು. ಡಾಕ್ಟರ್ ಮತ್ತೊಮ್ಮೆ ನೋಡಬೇಕು, ಕೋಲಿನ ಸಮೇತ ನೋಡಬೇಕು, ವರದಿ ಬರುವವರೆಗೂ ಮಾಸಾಶನ ನಿಲ್ಲಿಸಬಾರದು.

ಹೊರಗೆ ಬಂದು ಟೀ ಕುಡಿದೆವು. ಅತ್ತೆಗೆ ಖುಷಿ, ಎರಡು ಬನ್ ತಿಂದಳು. ನನಗೂ ಖುಷಿ. ಮಾವ ಮಾತ್ರ ಟೀ ಗ್ಲಾಸ್ ಹಿಡಿದುಕೊಂಡು ರಸ್ತೆ ನೋಡುತ್ತಿದ್ದ.

“ಬಿದ್ದು ಗೆದ್ದಂಗಾಯ್ತು ಕಣ್ಲಾ” ಅಂದ. “ನೆಟ್ಟಗ ನಿಂತ್ಕಂಡು ಗೆಲ್ಬೇಕಾಗಿತ್ತು.”

ನಾನು ಇನ್ನೊಂದು ಬನ್ ಹೇಳಿದೆ.

ವಾಪಸ್ ಬಸ್ಸಲ್ಲಿ ಕೂತು ಯೋಚನೆ ಮಾಡಿದೆ. ಕ್ಯಾಂಪಲ್ಲಿ ಮಾವ ಬೀಳಲಿಲ್ಲ, ಇಲ್ಲಿ ಬಿದ್ದ. ಯಾಕೆ? ಅಲ್ಲಿ ಬರೆದವರು ತಲೆ ಎತ್ತಿ ಮುಖ ನೋಡಲಿಲ್ಲ. ನೋಡಿದ್ದರೆ ಮಾವ ಕೈ ಮುಗಿಯುತ್ತಿದ್ದ. ಕೈ ಮುಗಿದಿದ್ದರೆ ಬೀಳುತ್ತಿದ್ದ. ಬಿದ್ದಿದ್ದರೆ ಮಾಸಾಶನ ಉಳಿಯುತ್ತಿತ್ತು. ನಾನು ಓದಿರೋದು ಕಮ್ಮಿ, ನನ್ನ ತರ್ಕದಲ್ಲಿ ತಪ್ಪಿದ್ದರೆ ಹೇಳಿ.

ಕ್ಯಾಂಪಿನವರು ಸುಳ್ಳು ಬರೆದರು ಅಂತ ನಾನು ಹೇಳಲ್ಲ. ಕಂಡದ್ದನ್ನೇ ಬರೆದರು. ಕಂಡದ್ದು ಆರು ಹೆಜ್ಜೆ. ಆ ಆರು ಹೆಜ್ಜೆ ಅವರಿಗೆ ಕೊಟ್ಟ ಮರ್ಯಾದೆ ಅಂತ ಅವರಿಗೆ ಹೇಳುವವರು ಯಾರು? ಮಾವ ಹೇಳಲ್ಲ. ಬಾಗಿಲಾಚೆ ಒರಗಿದ್ದ ಕೋಲು ಹೇಳಲ್ಲ. ಮತ್ತೆ ಅವತ್ತು ಆ ಕ್ಯಾಂಪಿನ ಚಪ್ಪಲಿ ರಾಶಿಯಲ್ಲಿ ಇನ್ನೂ ಎಷ್ಟು ಜನರ ಕೋಲು ಇದ್ದವೋ, ಯಾರಿಗೆ ಗೊತ್ತು? ಅವರ ಅಳಿಯಂದಿರಿಗೆ ಅಂಕಣ ಬರೆಯೋಕೆ ಜಾಗ ಇರಬೇಕಲ್ಲ.

ಡಾಕ್ಟರ್ ನೋಡಿದರು. ಮೊದಲು ಇದ್ದಷ್ಟೇ ಪರ್ಸೆಂಟ್ ಬರೆದರು. ಮಾಸಾಶನ ಬಂತು, ಪಾಸೂ ಬಂತು. ಹೋದ ವಾರ ಮಾವ ಮೈಸೂರಿಗೆ ಹೋಗಿ ಗಿಳಿಹಸಿರು ದಾರ ತಂದ. ಪಾಚಿಹಸಿರಿನ ಮೂರು ಉಂಡೆ ಇನ್ನೂ ಮನೆಯಲ್ಲಿವೆ, ಬೇಕಾದವರು ಅತ್ತೆಯನ್ನು ಸಂಪರ್ಕಿಸಿ.

ಮೊನ್ನೆ ಭಾನುವಾರ ನಂಜನಗೂಡಿಗೆ, ನಮ್ಮ ಮನೆಗೇ ಬಂದ. ಬುಷ್ ಸವೆದಿತ್ತು. ನಾನು ಒಳಗೆ ಊಟಕ್ಕೆ ಕೂತಿದ್ದೆ. ಹೊಸಲಿನ ಹತ್ತಿರ ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಆಮೇಲೆ ಏನೂ ಸದ್ದಿಲ್ಲ. ಬಗ್ಗಿ ನೋಡಿದೆ. ಮಾವ ಕೋಲು ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತಿದ್ದಾನೆ.

“ಲೇ, ಇದ ಒಳಕ್ಕ ತರನಾ?” ಅಂದ.

“ತಾ ಮಾವ” ಅಂದೆ.

ಟಕ್. ಟಕ್. ಟಕ್. ನಮ್ಮ ಮನೆ ರೆಡ್ ಆಕ್ಸೈಡ್ ನೆಲದ ಮೇಲೆ ಆ ಸದ್ದು ನಾನು ಮೊದಲ ಸಲ ಕೇಳಿದ್ದು. ಎಡಗೈ ಮಂಡಿ ಮೇಲೆ ಇರಲಿಲ್ಲ. ಅದನ್ನು ಬೀಸಿಕೊಂಡು ಬಂದ.

ಬಾಗಿಲ ಮೇಲೆ ‘ಚಪ್ಪಲಿ ಹೊರಗೆ ಬಿಡಿ’ ಅಂತ ಬರೆಸುವ ಸ್ವಾಮಿಗಳೇ, ಅದರ ಕೆಳಗೇ ‘ಕೋಲು ಒಳಗೆ ತನ್ನಿ’ ಅಂತ ಬರೆಸೋಕೆ ಇನ್ನೆಷ್ಟು ಪೇಂಟ್ ಬೇಕು?